ಬೆಳೆ ಯೋಜನೆ: ಕೇಳಿ ಕೇಳಿ ಮಾಡುವ ಲೆಕ್ಕವನ್ನು ಒರೆಗೆ ಹಚ್ಚುವುದು ಹೇಗೆ?

ಐದು ಎಕರೆ ಜಮೀನು, ಒಂದು ಕೊಳವೆ ಬಾವಿ, ನಾಲ್ಕು ರಾಸುಗಳಿರುವ ಮನೆಯಲ್ಲಿ ಮುಂಗಾರಿಗೆ ಮುಂಚೆ ಏಳುವ ಪ್ರಶ್ನೆ ಒಂದೇ ಅಲ್ಲ. ಕೈಗೆ ಹಣ ಬರಬೇಕು, ಬೇಸಿಗೆಗೂ ನೀರು ಉಳಿಯಬೇಕು, ದನಗಳಿಗೆ ಹುಲ್ಲು ಸಾಲಬೇಕು. ಟೊಮೇಟೊ ಹೆಚ್ಚಿಸಿದರೆ ಹುಲ್ಲಿಲ್ಲ. ರಾಗಿ ಹೆಚ್ಚಿಸಿದರೆ ಹುಲ್ಲುಂಟು, ಆದರೆ ಸಾಲ ತೀರುವಷ್ಟು ಹಣವಿಲ್ಲ. ಒಂದನ್ನು ಬಿಟ್ಟುಕೊಡದೆ ಇನ್ನೊಂದನ್ನು ಹೆಚ್ಚಿಸಲಾಗದ ಇಂಥ ಯೋಜನೆಗಳಿಗೆ ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ ಅವರ ಹೆಸರಿದೆ. ಅಂಥವು ಒಂದೆರಡಲ್ಲ, ಎಷ್ಟೋ ಇರುತ್ತವೆ. ಅವುಗಳಲ್ಲಿ ನಿಮ್ಮ ಮನೆಗೆ ಒಪ್ಪುವುದು ಯಾವುದೆಂದು ಯಂತ್ರಕ್ಕೆ ತಿಳಿಯದು; ನೀವೇ ಹೇಳಬೇಕು.

ಅದಕ್ಕೆಂದೇ ಗಣಿತಜ್ಞರು ರೈತನನ್ನೋ ಅಧಿಕಾರಿಯನ್ನೋ ಕೇಳಿ ಕೇಳಿ ಲೆಕ್ಕ ಮಾಡುವ ವಿಧಾನಗಳನ್ನು ರೂಪಿಸಿದ್ದಾರೆ. 1971ರಲ್ಲಿ ಪ್ರಕಟವಾದ 'ಸ್ಟೆಮ್' ಎಂಬುದು ಮೊದಮೊದಲಿನವುಗಳಲ್ಲೊಂದು. ಗಣಕಯಂತ್ರ ಒಂದು ಯೋಜನೆ ತೋರಿಸುತ್ತದೆ. "ಆದಾಯ ಇಷ್ಟು ಇಳಿದರೂ ಸರಿ, ಹುಲ್ಲು ಹೆಚ್ಚಲಿ" ಎಂದರೆ ಮತ್ತೊಂದನ್ನು ತೋರಿಸುತ್ತದೆ. ಫಿನ್ಲೆಂಡಿನ ಯುವಸ್ಕುಲಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಬೆಳೆದ 'ನಿಂಬಸ್' ವಿಧಾನದಲ್ಲಿ ಪ್ರತಿ ಗುರಿಗೂ ಐದು ಬಗೆಯ ಉತ್ತರಕ್ಕೆ ಅವಕಾಶವಿದೆ: ಹೆಚ್ಚು ಸುಧಾರಿಸಲಿ, ಇಂತಿಷ್ಟರವರೆಗೆ ಸುಧಾರಿಸಲಿ, ಇದ್ದಂತೆ ಇರಲಿ, ಇಂತಿಷ್ಟರವರೆಗೆ ಇಳಿಯಲಿ, ಸದ್ಯಕ್ಕೆ ಏನಾದರೂ ಆಗಲಿ.

ಇವುಗಳಲ್ಲಿ ಯಾವುದು ಒಳ್ಳೆಯದು? ಮೊದಲು ಅದು ಕೇಳುವ ಪ್ರಶ್ನೆಯನ್ನು ನೋಡಿರಿ. ಕೆಲವು ಕಾರ್ಯಕ್ರಮಗಳು "ಆದಾಯಕ್ಕೆ ಹತ್ತರಲ್ಲಿ ಆರು ತೂಕ, ಹುಲ್ಲಿಗೆ ನಾಲ್ಕು" ಎಂದು ತೂಕ ಕೇಳುತ್ತವೆ. ಇದು ಸುಲಭವೆಂದು ತೋರುತ್ತದೆ, ಆದರೆ ಮೋಸವಿದೆ. ಜಮೀನೊಂದೇ ಮಿತಿ, ಎಕರೆಗೆ ಬರುವ ಹಣವೂ ಹುಲ್ಲೂ ಸ್ಥಿರ ಎಂದು ಹಿಡಿಯಿರಿ. ಆಗ ತೂಕದ ಲೆಕ್ಕ ಐದೂ ಎಕರೆ ಟೊಮೇಟೊ ಎನ್ನುತ್ತದೆ, ಇಲ್ಲವೇ ಐದೂ ಎಕರೆ ರಾಗಿ ಎನ್ನುತ್ತದೆ. ತೂಕವನ್ನು ಕೂದಲೆಳೆಯಷ್ಟು ಬದಲಿಸಿದರೂ ಕೆಲವೊಮ್ಮೆ ಈ ತುದಿಯಿಂದ ಆ ತುದಿಗೆ ಹಾರಿಬಿಡಬಹುದು. ಅದರ ಬದಲು "ನಾಲ್ಕು ಗಾಡಿ ಹುಲ್ಲು ಬೇಕೇ ಬೇಕು, ಉಳಿದದ್ದು ಹಣಕ್ಕೆ" ಎಂದು ಹೇಳಲು ಬಿಡುವ ವಿಧಾನವಾದರೆ, ಎಕರೆಗೆ ಎರಡು ಗಾಡಿ ಎಂದು ಹಿಡಿದಾಗ, ಎರಡು ಎಕರೆ ರಾಗಿ, ಮೂರು ಎಕರೆ ಟೊಮೇಟೊ ಎಂಬ ಉತ್ತರ ಸಿಗುತ್ತದೆ. ಗಾಡಿ, ಪಂಪಿನ ಗಂಟೆ, ರೂಪಾಯಿ, ಇವೇ ನಮ್ಮವರ ಅಳತೆ. ತೂಕ ಯಾರ ಮನೆಯ ಅಳತೆ?

ಎರಡನೆಯದು, ಹಿಂದಕ್ಕೆ ಹೋಗಲು ಬಿಡುತ್ತದೆಯೇ? ಮೊದಲ ಸುತ್ತಿನಲ್ಲಿ ಹಣವೇ ಮುಖ್ಯ ಎಂದವರು ನೀರಿನ ಲೆಕ್ಕ ಕಂಡ ಮೇಲೆ ಮನಸ್ಸು ಬದಲಿಸುವುದುಂಟು. ಅದು ಚಂಚಲತೆಯಲ್ಲ, ಕಲಿಕೆ. ಸುತ್ತುಗಳು ಕಡಿಮೆಯಾದವೆಂದು ವಿಧಾನವನ್ನು ಹೊಗಳಬೇಡಿ. ಬೇಸತ್ತು "ಆಯಿತು ಬಿಡಿ" ಎಂದಿರಲೂಬಹುದು. ಮೊದಲು ತೋರಿಸಿದ ಯೋಜನೆಯ ಸುತ್ತಲೇ ಮನಸ್ಸು ಅಂಟಿಕೊಳ್ಳುವುದೂ ಇದೆ. ಬೇರೆ ಕಡೆಯಿಂದ ಮತ್ತೊಮ್ಮೆ ಆರಂಭಿಸಿ, ಅಲ್ಲಿಗೇ ಬರುತ್ತೀರಾ ನೋಡಿರಿ.

ಎರಡು ವಿಧಾನಗಳನ್ನು ಹೋಲಿಸುವಾಗ ತಳಿ ಪ್ರಯೋಗದ ನಿಯಮ ನೆನಪಿರಲಿ. ಒಂದು ತಳಿಯನ್ನು ಗೊಬ್ಬರ ಬಿದ್ದ ತಾಕಿನಲ್ಲೂ ಇನ್ನೊಂದನ್ನು ದಿಣ್ಣೆಯಲ್ಲೂ ಹಾಕಿ ತೀರ್ಪು ಕೊಡುತ್ತೇವೆಯೇ? ಒಬ್ಬರೇ ಎರಡೂ ವಿಧಾನಗಳನ್ನು ಒಂದಾದ ಮೇಲೊಂದು ಬಳಸಿದರೆ, ಮೊದಲನೆಯದರಲ್ಲಿ ಕಲಿತದ್ದು ಎರಡನೆಯದಕ್ಕೆ ಗೊಬ್ಬರವಾಗುತ್ತದೆ. ಆದ್ದರಿಂದ ಅರ್ಧ ಜನ ಇದನ್ನು ಮೊದಲು, ಉಳಿದವರು ಅದನ್ನು ಮೊದಲು ಬಳಸಬೇಕು. ಯಾವುದನ್ನು ಯಾರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು ಲೇಸು.

ಬೆಲೆಯ ವಿಷಯದಲ್ಲಿ ಯಾವ ವಿಧಾನವೂ ಜ್ಯೋತಿಷ್ಯ ಹೇಳದು. ಟೊಮೇಟೊ ದರವನ್ನು ಒಳ್ಳೆಯ ವರ್ಷದ್ದೇ ಹಾಕಿಸಿದರೆ ಉತ್ತರವೂ ಒಳ್ಳೆಯ ವರ್ಷಕ್ಕೇ ಸರಿ. ಕೆಟ್ಟ ದರವನ್ನೂ ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿಸಿರಿ.

ಊರಿಗೆ ಯಾರಾದರೂ ಇಂಥ ಕಾರ್ಯಕ್ರಮ ತೋರಿಸಲು ಬಂದರೆ ಬರಿಗೈಯಲ್ಲಿ ಕೂರಬೇಡಿ. ಕೊಳವೆ ಬಾವಿ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಗಂಟೆ ನೀರು ಕೊಡುತ್ತದೆ, ಕಳೆದ ವರ್ಷ ಹುಲ್ಲು ಯಾವ ತಿಂಗಳಿಗೆ ಮುಗಿಯಿತು, ಸಾಲದ ಕಂತು ಯಾವಾಗ ಕಟ್ಟಬೇಕು, ಈ ಮೂರನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗಿರಿ.