ಗಾಲ್ಫ್ ಆಟವೂ ಪ್ರಾಮಾಣಿಕವಾದ ಲೆಕ್ಕವೂ

ನಡುವಯಸ್ಸಿನಲ್ಲಿ ಹೊಸದಾಗಿ ಕೈಗೊಳ್ಳುವ ವಿದ್ಯೆಗಳಲ್ಲಿ ಗಾಲ್ಫ್ ಆಟದಷ್ಟು ಮನುಷ್ಯನ ತಾಳ್ಮೆಯನ್ನು ಪರೀಕ್ಷಿಸತಕ್ಕುದು ಮತ್ತೊಂದು ದುರ್ಲಭ. ಕ್ರಿಕೆಟ್ಟಿನಲ್ಲಿ ಚೆಂಡು ನಮ್ಮ ಮೇಲೆ ಹಾರಿಬರುತ್ತದೆ. ಟೆನ್ನಿಸಿನಲ್ಲಿ ಎದುರಾಳಿಯು ಅದನ್ನು ನಮಗೆ ಎಟುಕದಂತೆ ಹೊಡೆಯುತ್ತಾನೆ. ಗಾಲ್ಫಿನಲ್ಲಾದರೋ ಚೆಂಡು ನೆಲದ ಮೇಲೆ ಸುಮ್ಮನೆ ಕುಳಿತಿರುತ್ತದೆ. ಯಾರೂ ಅದನ್ನು ಮುಟ್ಟುವುದಿಲ್ಲ. ಹೀಗಿದ್ದೂ ಅದು ಹೋಗಬೇಕಾದ ಕಡೆಗೆ ಹೋಗದೆ ಪೊದೆಗೋ ಕೆರೆಗೋ ಹೋದರೆ, ದೂಷಿಸುವುದಕ್ಕೆ ಆಟಗಾರನಿಗೆ ತನ್ನನ್ನುಳಿದು ಬೇರೊಬ್ಬನು ಸಿಕ್ಕುವುದಿಲ್ಲ.

ನಮ್ಮ ಹಳೆಯ ಶಿಷ್ಯರಲ್ಲಿ ಕೆಲವರು ಈಗ ವೈದ್ಯರೂ ಇಂಜಿನಿಯರರೂ ಬ್ಯಾಂಕಿನ ಅಧಿಕಾರಿಗಳೂ ಆಗಿದ್ದು, ನಲವತ್ತು ದಾಟಿದ ಮೇಲೆ ಈ ಆಟವನ್ನು ಹಿಡಿದಿದ್ದಾರೆ. “ಮೇಷ್ಟ್ರೇ, ವರ್ಷಗಟ್ಟಲೆ ಆಡಿದರೂ ಮುಂದುವರಿಯಲೊಲ್ಲೆವು” ಎಂದು ಅವರು ನಮ್ಮಲ್ಲಿ ಹೇಳಿಕೊಳ್ಳುವುದುಂಟು. ನಾವು ಆಟಗಾರರಲ್ಲ, ಆಯುಷ್ಯದ ಬಹುಭಾಗವನ್ನು ಮಕ್ಕಳಿಗೆ ಸಂಸ್ಕೃತ ಪಾಠ ಹೇಳುವುದರಲ್ಲಿ ಕಳೆದವರು. ಆದರೆ ಕಲಿಯುವಿಕೆಯ ಧರ್ಮವು ಶಬ್ದಕ್ಕೂ ಚೆಂಡಿಗೂ ಬೇರೆಬೇರೆಯಲ್ಲ. ಶಿಷ್ಯರೊಡನೆ ಹಲವು ಸಲ ಮೈದಾನದಲ್ಲಿ ನಡೆದು ಕಂಡುದನ್ನೂ ಈ ವಿಷಯದಲ್ಲಿ ಓದಿ ತಿಳಿದುದನ್ನೂ ವಾಚಕರ ಮುಂದಿಡುತ್ತೇವೆ.

ಮೊದಲು ಆಟದ ಸ್ವರೂಪವನ್ನು ಅರಿಯದವರಿಗಾಗಿ ಎರಡು ಮಾತು. ಮೈದಾನದಲ್ಲಿ 18 ಕುಳಿಗಳಿರುವುವು. ಪ್ರತಿಯೊಂದರ ಅಗಲ ನಾಲ್ಕೂಕಾಲು ಅಂಗುಲ. ನಿಯತವಾದ ಸ್ಥಳದಿಂದ ಆರಂಭಿಸಿ ಸಣ್ಣ ಚೆಂಡನ್ನು ಕ್ಲಬ್ಬು ಎಂಬ ಕೋಲಿನಿಂದ ಹೊಡೆಯುತ್ತ ಕುಳಿಗೆ ಸೇರಿಸಬೇಕು. ಇಂಥ ಕೋಲುಗಳನ್ನು ಹದಿನಾಲ್ಕರವರೆಗೆ ಒಯ್ಯಬಹುದು. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಭಾಗಕ್ಕೆ ಗ್ರೀನ್ ಎಂದೂ, ಅಲ್ಲಿ ಚೆಂಡನ್ನು ಉರುಳಿಸುವ ಮೆಲುಹೊಡೆತಕ್ಕೆ ಪಟ್ ಎಂದೂ ಹೆಸರು. ನುರಿತ ಆಟಗಾರನು ಇಷ್ಟು ಹೊಡೆತಗಳಲ್ಲಿ ಮುಗಿಸಬೇಕೆಂದು ಗೊತ್ತುಮಾಡಿದ ಸಂಖ್ಯೆಯೇ ಪಾರ್. ಹದಿನೆಂಟು ಕುಳಿಗಳಿಗೂ ಸೇರಿ ಅದು ಸಾಮಾನ್ಯವಾಗಿ 72ರ ಸುಮಾರಿನಲ್ಲಿರುತ್ತದೆ. ಯಾರ ಎಣಿಕೆ ಕಡಮೆಯೋ ಅವರೇ ಮೇಲು.

ಆಟದ ತವರು ಸ್ಕಾಟ್ಲೆಂಡ್ ದೇಶ. ಪ್ರಜೆಗಳು ಬಿಲ್ಲುವಿದ್ಯೆಯನ್ನು ಮರೆತು ಇದರಲ್ಲೇ ಮುಳುಗುವರೆಂದು ಅಲ್ಲಿಯ ರಾಜಸಭೆಯು 1457ರಲ್ಲಿಯೇ ಇದನ್ನು ನಿಷೇಧಿಸಿತೆಂದ ಮೇಲೆ ಇದರ ಆಕರ್ಷಣೆಯನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ದೇಶದಲ್ಲಿ 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ಬೆಂಗಳೂರಿನಲ್ಲಿಯೂ ಗಾಲ್ಫ್ ಸಂಘಗಳು ಹುಟ್ಟಿದುವು. ಆಗ ಅವು ಆಂಗ್ಲ ಅಧಿಕಾರಿಗಳ ವಿಹಾರಸ್ಥಾನಗಳು. ಈಗ ಬೆಂಗಳೂರು, ಮೈಸೂರು, ಕೊಡಗಿನ ಮೈದಾನಗಳಲ್ಲಿ ನಮ್ಮವರೇ ಆಡುತ್ತಾರೆ. ಇದು ಹಣವುಳ್ಳವರ ಆಟವೆಂಬ ಮಾತನ್ನು ನಾವು ಪೂರಾ ಅಲ್ಲಗಳೆಯಲಾರೆವು. ಆದರೆ ಹಣದಿಂದ ಹೊಸ ಕೋಲು ಬರುತ್ತದೆಯೇ ಹೊರತು ಎಣಿಕೆ ಇಳಿಯುವುದಿಲ್ಲ ಎಂಬುದನ್ನು ಆಡುವವರೆಲ್ಲರೂ ಬೇಗನೆ ಕಂಡುಕೊಳ್ಳುತ್ತಾರೆ.

ಹಾಗಾದರೆ ಎಣಿಕೆ ಇಳಿಯುವುದು ಹೇಗೆ? ಇಲ್ಲಿ ಪ್ರಾಜ್ಞರಲ್ಲಿ ಎರಡು ಪಕ್ಷಗಳಿವೆ. ಪಾರ್ ಎಂಬ ಸಂಖ್ಯೆಯು ಕುಳಿಯೊಂದಕ್ಕೆ ಎರಡು ಪಟ್‌ಗಳಂತೆ ಲೆಕ್ಕ ಹಿಡಿದು ಗೊತ್ತುಮಾಡಿದುದು. 72ರಲ್ಲಿ 36, ಅಂದರೆ ಸರಿಯಾಗಿ ಅರ್ಧ, ಗ್ರೀನಿನ ಮೇಲೆಯೇ ವೆಚ್ಚವಾಗುತ್ತದೆ. ಆದುದರಿಂದ ಹತ್ತಿರದ ಹೊಡೆತಗಳನ್ನೇ ಸಾಧಿಸಬೇಕು ಎಂಬುದು ಪೂರ್ವಪಕ್ಷ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಮಾರ್ಕ್ ಬ್ರಾಡೀ ಎಂಬವರು ಅಸಂಖ್ಯಾತ ಹೊಡೆತಗಳ ದಾಖಲೆಯನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೊಂದು ನಿರ್ಣಯವನ್ನು ಕೊಟ್ಟಿದ್ದಾರೆ. ಚೆನ್ನಾಗಿ ಆಡುವವನಿಗೂ ಸಾಧಾರಣನಿಗೂ ಇರುವ ಅಂತರದಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು 100 ಗಜಕ್ಕಿಂತ ದೂರದಿಂದ ಹೊಡೆಯುವ ಹೊಡೆತಗಳಿಂದಲೇ ಉಂಟಾಗುತ್ತದೆಯೆಂದು ಅವರ ಮತ.

ಈ ಎರಡರಲ್ಲಿ ವಿರೋಧವಿಲ್ಲ. ಮೊದಲನೆಯದು ಹೊಡೆತಗಳು ಎಲ್ಲಿ ವೆಚ್ಚವಾಗುವುವೆಂದು ಹೇಳುತ್ತದೆ. ಎರಡನೆಯದು ಎಲ್ಲಿ ನಷ್ಟವಾಗುವುವೆಂದು ಹೇಳುತ್ತದೆ. ಮನೆಯ ಖರ್ಚಿನಲ್ಲಿ ಅಕ್ಕಿಗೇ ಹೆಚ್ಚು ಹಣ ಹೋಗಬಹುದು. ಆದರೆ ಹಣ ಸೋರುವುದು ಅಕ್ಕಿಯಲ್ಲಿಯೇ ಆಗಿರಬೇಕಿಲ್ಲ. ಸೋರುವ ಸ್ಥಳವು ಮನೆಮನೆಗೂ ಬೇರೆ. ಆಟಗಾರನಿಂದ ಆಟಗಾರನಿಗೂ ಹಾಗೆಯೇ. ಅದನ್ನು ತಿಳಿಸತಕ್ಕುದು ಗ್ರಂಥವಲ್ಲ, ಅವನವನ ಲೆಕ್ಕದ ಪುಸ್ತಕ. ಇದೇ ನಮ್ಮ ಲೇಖನದ ಮುಖ್ಯಾಂಶ.

ಲೆಕ್ಕವಿಡುವ ಕ್ರಮ ಸುಲಭವಾದುದು. ಕಿಸೆಯಲ್ಲಿ ಹಿಡಿಸುವ ಪುಸ್ತಕದಲ್ಲಿ ಪ್ರತಿಯೊಂದು ಕುಳಿಗೂ ನಾಲ್ಕು ಕಲಮುಗಳನ್ನು ಎಳೆಯಬೇಕು: ದೂರದ ಹೊಡೆತಗಳು, 100 ಗಜದೊಳಗಿನ ಹೊಡೆತಗಳು, ಪಟ್‌ಗಳು, ಕಡೆಯದಾಗಿ ದಂಡಗಳು. ಚೆಂಡು ಕಳೆದುಹೋದರೆ ಒಂದು ಹೊಡೆತದ ದಂಡವೂ ಹೊಡೆದ ಸ್ಥಳಕ್ಕೇ ಹಿಂದಿರುಗುವ ಶಿಕ್ಷೆಯೂ ಉಂಟಷ್ಟೆ. ಒಬ್ಬನು 100 ಹೊಡೆತಗಳಲ್ಲಿ ಆಟವನ್ನು ಮುಗಿಸಿದನೆಂದು ಇಟ್ಟುಕೊಳ್ಳೋಣ. ಅದರಲ್ಲಿ ಪಟ್ 36, ದಂಡ 8 ಎಂದು ಪುಸ್ತಕ ತೋರಿಸಿದರೆ, ಅವನು ಪಟ್ ಸಾಧನೆ ಮಾಡುತ್ತ ಕಾಲ ಕಳೆಯಬೇಕಾಗಿಲ್ಲ. ಚೆಂಡು ಮೈದಾನದೊಳಗೆ ಉಳಿಯುವಂತೆ ಹೊಡೆಯುವುದನ್ನು ಕಲಿಯಬೇಕು. ಮತ್ತೊಬ್ಬನದು ಪಟ್ 44, ದಂಡ ಒಂದು ಎಂದಿದ್ದರೆ ಅವನ ಔಷಧಿಯೇ ಬೇರೆ. ಇಬ್ಬರ ಮೊತ್ತವೂ ನೂರೇ, ರೋಗ ಮಾತ್ರ ಒಂದಲ್ಲ. ಹತ್ತು ಸಲದ ಲೆಕ್ಕ ಕೂಡಿದ ಮೇಲೆ ಹೊರತು ಯಾವ ನಿರ್ಣಯಕ್ಕೂ ಬರಬಾರದು. ಒಂದು ದಿನದ ಆಟದಲ್ಲಿ ಗಾಳಿಮಳೆಗಳೂ ದೈವವೂ ಸೇರಿರುತ್ತವೆ.

ಇನ್ನು ಅಭ್ಯಾಸದ ಮಾತು. ನಮ್ಮ ಶಿಷ್ಯರು ಅಭ್ಯಾಸದ ಬಯಲಿಗೆ ಹೋಗಿ ಒಂದೇ ಕೋಲಿನಿಂದ ಒಂದೇ ಗುರಿಗೆ ನೂರು ಚೆಂಡುಗಳನ್ನು ಹೊಡೆಯುತ್ತಾರೆ. ಐವತ್ತನೆಯದರಿಂದಾಚೆಗೆ ಚೆಂಡು ಹೇಳಿದಂತೆ ಕೇಳುತ್ತದೆ. ಮರುದಿನ ಮೈದಾನದಲ್ಲಿ ಮಾತ್ರ ಆ ವಿದ್ಯೆ ಮಾಯವಾಗಿರುತ್ತದೆ. ರಾಮಶಬ್ದವನ್ನು ಗಡಗಡನೆ ಒಪ್ಪಿಸುವ ಹುಡುಗನನ್ನು ನಡುವೆ ತಡೆದು “ಸಪ್ತಮೀ ಬಹುವಚನವೇನು?” ಎಂದು ಕೇಳಿದರೆ, ಅವನು ಪ್ರಥಮೆಯಿಂದ ಬೆರಳೆಣಿಸುತ್ತ ಬರುತ್ತಾನೆ. ಬಾಯಿಗೆ ಬಂದ ಪಾಠ ಇನ್ನೂ ಬುದ್ಧಿಗೆ ಬಂದಿಲ್ಲವೆಂದು ಅರ್ಥ. ಒಂದನ್ನೇ ಸತತವಾಗಿ ಮಾಡುವುದಕ್ಕಿಂತ ಹಲವನ್ನು ಬೆರಸಿ ಮಾಡುವ ಅಭ್ಯಾಸವು ಆ ಹೊತ್ತಿಗೆ ಕಷ್ಟವೆನಿಸಿದರೂ ಹೆಚ್ಚು ಕಾಲ ನಿಲ್ಲುವುದೆಂದು ಇಂದಿನ ಮನಶ್ಶಾಸ್ತ್ರಜ್ಞರೂ ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ. ಆದುದರಿಂದ ಹೊಡೆತದಿಂದ ಹೊಡೆತಕ್ಕೆ ಕೋಲನ್ನೂ ಗುರಿಯನ್ನೂ ಬದಲಾಯಿಸಬೇಕು. ಮೈದಾನದಲ್ಲಿ ಒಂದೇ ಹೊಡೆತ ಎರಡು ಸಲ ಬರುವುದು ಎಲ್ಲಿಯುಂಟು?

ಹೊಡೆಯುವ ರೀತಿಯ ವಿಷಯದಲ್ಲಿ ಗುರುವಿನ ಕಣ್ಣೇ ಪ್ರಮಾಣ. ತನ್ನ ಬೆನ್ನು ತನಗೆ ಕಾಣದು. ಆದರೂ ಎಲ್ಲ ಶಿಕ್ಷಕರೂ ಒಪ್ಪುವ ಎರಡು ಸಂಗತಿಗಳನ್ನು ಹೇಳಬಹುದು. ಮೊದಲನೆಯದು ಹಿಡಿತ. ಬಾವಿಯಿಂದ ತುಂಬಿದ ಕೊಡವನ್ನು ಸೇದುವವನಂತೆ ಕೋಲನ್ನು ಬಿಗಿಹಿಡಿಯಬಾರದು. ಹಿಡಿತ ಬಿಗಿದರೆ ತೋಳೂ ಬಿಗಿದು ವೇಗ ಕುಂದುತ್ತದೆ. ಎರಡನೆಯದು ಚೆಂಡನ್ನು ಎತ್ತುವ ಆಸೆ. ಅದು ಮೇಲಕ್ಕೆ ಹಾರಬೇಕೆಂದು ಹೊಸಬನು ಕೋಲಿನಿಂದ ಅದನ್ನು ಬಾಚಿ ಎತ್ತಲು ಹೋಗುತ್ತಾನೆ. ಕೋಲು ಹಿಂದಿನ ನೆಲಕ್ಕೆ ತಗಲುತ್ತದೆ, ಇಲ್ಲವೆ ಚೆಂಡಿನ ನೆತ್ತಿಗೆ ಬಡಿಯುತ್ತದೆ. ಎತ್ತುವ ಕೆಲಸಕ್ಕಾಗಿಯೇ ಕೋಲಿನ ಮುಖವನ್ನು ಓರೆಯಾಗಿ ಮಾಡಿರುತ್ತಾರೆ. ಕಬ್ಬಿಣದ ಮುಖದ ಕೋಲು ಕೆಳಮುಖವಾಗಿ ಬಂದು ಮೊದಲು ಚೆಂಡನ್ನೂ ಆಮೇಲೆ ಹುಲ್ಲನ್ನೂ ಮುಟ್ಟಿದರೆ ಚೆಂಡು ತಾನಾಗಿ ಏಳುತ್ತದೆ.

ಪಟ್ ಅಭ್ಯಾಸಕ್ಕೆ ಮೈದಾನವೂ ಬೇಕಿಲ್ಲ. ಹಜಾರದಲ್ಲಿ ಜಮಖಾನೆ ಹಾಸಿ, ಲೋಟವೊಂದನ್ನು ಮಲಗಿಸಿಟ್ಟರೆ ಸಾಕು. ಮಕ್ಕಳೂ ಮನೆಯಾಕೆಯೂ ಸೇರಿಕೊಂಡರೆ ಭಾನುವಾರದ ನಾಲ್ಕು ಗಂಟೆಗಳನ್ನು ಹೊರಗೆ ಕಳೆಯುವ ಗೃಹಸ್ಥನ ಮೇಲಿನ ದೂರೂ ಅಷ್ಟಕ್ಕಷ್ಟು ಕಡಮೆಯಾಗುತ್ತದೆ. ಎಂಟು ಅಡಿಯಿಂದ ಪಟ್ ಮಾಡುವಾಗ ಜಗತ್ತಿನ ವೃತ್ತಿಪರ ಆಟಗಾರರಲ್ಲಿ ಅಗ್ರಗಣ್ಯರೂ ಎರಡು ಸಲಕ್ಕೆ ಸುಮಾರು ಒಂದು ಸಲ ತಪ್ಪುತ್ತಾರೆ. ಇದನ್ನು ತಿಳಿದವನು ತಾನು ತಪ್ಪಿದಾಗ ಕೋಲನ್ನು ನೆಲಕ್ಕೆ ಬಡಿಯುವುದಿಲ್ಲ.

ಇದು ಗಂಡಸರದೇ ಆಟವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರು ಬಾಲ್ಯದಲ್ಲಿಯೇ ಇದನ್ನು ಕಲಿತು, ಹವ್ಯಾಸಿಯಾಗಿ ಬೆಳೆದು, 2016ರಲ್ಲಿ ವೃತ್ತಿಪರರಾದರು. 2021ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ತಾಯಿಯವರೇ ಅವರ ಕೋಲುಗಳ ಚೀಲವನ್ನು ಹೊತ್ತು ಜೊತೆಗೆ ನಡೆದರು. ಅಲ್ಲಿ ಸ್ಪರ್ಧಿಸಿದ 60 ಮಂದಿಯಲ್ಲಿ ಅದಿತಿಯವರು ಅತ್ಯಂತ ಕಡಮೆ ದೂರ ಹೊಡೆಯುವವರ ಸಾಲಿನಲ್ಲಿದ್ದರೂ, ಪಟ್ ನೈಪುಣ್ಯದಿಂದ ಆ ಕೊರತೆಯನ್ನು ತುಂಬಿಕೊಂಡು ನಾಲ್ಕನೆಯವರಾದರು. ಕಂಚಿನ ಪದಕಕ್ಕೂ ಅವರಿಗೂ ಇದ್ದ ಅಂತರ ಒಂದೇ ಒಂದು ಹೊಡೆತ. ತನ್ನ ಬಲವೆಲ್ಲಿ, ದೌರ್ಬಲ್ಯವೆಲ್ಲಿ ಎಂದು ಅರಿತವರ ಆಟ ಹೀಗಿರುತ್ತದೆ.

ಲೆಕ್ಕದ ಪುಸ್ತಕ ಸಹಾಯಕವಾಗುವುದು ಅದು ಸತ್ಯವಾಗಿದ್ದರೆ ಮಾತ್ರ. ಸತ್ಯಕ್ಕೆ ಭಂಗ ಬರುವ ಅವಕಾಶವೂ ಈ ಆಟದಲ್ಲಿ ಹೇರಳವಾಗಿದೆ. ಹವ್ಯಾಸಿಗಳ ಬಳಗದಲ್ಲಿ ಪ್ರತಿ ಹೊಡೆತವನ್ನೂ ನೋಡುವ ತೀರ್ಪುಗಾರನಿಲ್ಲ. ಪೊದೆಯ ಮರೆಯಲ್ಲಿ ಎಷ್ಟು ಸಲ ಹೊಡೆದನೆಂಬುದು ಹೊಡೆದವನಿಗೇ ಗೊತ್ತು. ಹ್ಯಾಂಡಿಕ್ಯಾಪ್ ಎಂಬ ವ್ಯವಸ್ಥೆಯು ನಿಂತಿರುವುದೂ ಈ ವಿಶ್ವಾಸದ ಮೇಲೆಯೇ. 2020ರಿಂದ ಜಗತ್ತಿಗೆಲ್ಲ ಒಂದೇ ಕ್ರಮವನ್ನು ತಂದಿದ್ದಾರೆ. ಆಟಗಾರನು ಒಪ್ಪಿಸಿದ ಇತ್ತೀಚಿನ 20 ಫಲಿತಾಂಶಗಳಲ್ಲಿ ಉತ್ತಮವಾದ 8ನ್ನು ಆರಿಸಿ, ಮೈದಾನದ ಕಾಠಿಣ್ಯವನ್ನೂ ಗಣಿಸಿ, ಅವನ ಯೋಗ್ಯತೆಯ ಅಂಕವನ್ನು ಕಟ್ಟುತ್ತಾರೆ. ಆ ಅಂಕದ ಆಧಾರದ ಮೇಲೆ ದುರ್ಬಲನಿಗೆ ರಿಯಾಯಿತಿ ದೊರೆತು ಪ್ರಬಲನೊಡನೆ ಸಮನಾಗಿ ಆಡಬಹುದು. ಹೆಮ್ಮೆಗಾಗಿ ಎಣಿಕೆಯನ್ನು ಇಳಿಸುವವರೂ, ರಿಯಾಯಿತಿಯ ಆಸೆಗಾಗಿ ಏರಿಸುವವರೂ ಉಂಟು. ಇಬ್ಬರೂ ಕಡೆಗೆ ಕೆಡಿಸಿಕೊಳ್ಳುವುದು ತಮ್ಮ ಪಾಠವನ್ನೇ. ವೈದ್ಯನಿಗೆ ಸುಳ್ಳು ಹೇಳಿದವನಿಗೆ ಔಷಧಿ ಹೇಗೆ ನಾಟೀತು?

ಈ ಪ್ರಸಂಗದಲ್ಲಿ ಅಮೆರಿಕದ ಬಾಬಿ ಜೋನ್ಸರನ್ನು ಸ್ಮರಿಸುವುದು ಯುಕ್ತ. 1902ರಲ್ಲಿ ಜನಿಸಿದ ಇವರು ಇಂಜಿನಿಯರಿಂಗ್, ಸಾಹಿತ್ಯ, ನ್ಯಾಯಶಾಸ್ತ್ರಗಳನ್ನು ಓದಿ ವಕೀಲರಾದವರು. ಸ್ಪರ್ಧೆಗಳಲ್ಲಿ ಆಡುತ್ತಿದ್ದಷ್ಟು ಕಾಲವೂ ಬಹುಮಾನದ ಹಣವನ್ನು ಮುಟ್ಟದೆ ಹವ್ಯಾಸಿಯಾಗಿಯೇ ಉಳಿದರು. ಬಾಲ್ಯದಲ್ಲಿ ಇವರ ಕೋಪ ಪ್ರಸಿದ್ಧವಾಗಿತ್ತು. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಮೈದಾನದಲ್ಲಿ ಮರಳುಗುಂಡಿಯೊಂದರಿಂದ ಚೆಂಡು ಹೊರಬಾರದಿರಲು, ಹತ್ತೊಂಬತ್ತರ ಈ ತರುಣರು ರೋಸಿ ಚೆಂಡನ್ನು ಕೈಗೆತ್ತಿಕೊಂಡು ಸ್ಪರ್ಧೆಯಿಂದಲೇ ಹಿಂದೆಗೆದರು. ಬಳಿಕ ಎದುರಾಳಿಯನ್ನು ನೋಡದೆ ಪಾರ್ ಎಂಬ ಸಂಖ್ಯೆಯೊಡನೆಯೇ ಆಡುವುದನ್ನು ಸಾಧಿಸಿದರು. 1923ರಿಂದ 1930ರೊಳಗೆ ಹದಿಮೂರು ಮಹಾಸ್ಪರ್ಧೆಗಳಲ್ಲಿ ಜಯ ಪಡೆದರು. 1930 ಒಂದೇ ವರ್ಷದಲ್ಲಿ ಆ ಕಾಲದ ನಾಲ್ಕು ಪ್ರಧಾನ ಸ್ಪರ್ಧೆಗಳನ್ನೂ ಗೆದ್ದು, 28ನೆಯ ವಯಸ್ಸಿನಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದರು.

ಆದರೆ ಇವರ ಹೆಸರು ಉಳಿದಿರುವುದು ಗೆಲುವುಗಳಿಂದ ಮಾತ್ರವಲ್ಲ. 1925ರ ಅಮೆರಿಕದ ಮುಕ್ತ ಸ್ಪರ್ಧೆಯ ಮೊದಲ ಸುತ್ತಿನಲ್ಲಿ, ಎತ್ತರದ ಹುಲ್ಲಿನಲ್ಲಿದ್ದ ಚೆಂಡು ಇವರು ಹೊಡೆಯಲು ಅಣಿಯಾಗುತ್ತಿದ್ದಾಗ ತುಸು ಕದಲಿತು. ನೋಡಿದವರು ಬೇರೆ ಯಾರೂ ಇರಲಿಲ್ಲ. ಜೋನ್ಸರು ತಾವಾಗಿ ಹೇಳಿ ಒಂದು ಹೊಡೆತದ ದಂಡವನ್ನು ತಮ್ಮ ಮೇಲೆ ಹಾಕಿಕೊಂಡರು. ನಾಲ್ಕು ಸುತ್ತುಗಳ ಕೊನೆಯಲ್ಲಿ ಅವರೂ ವಿಲೀ ಮ್ಯಾಕ್‌ಫಾರ್ಲೇನ್ ಎಂಬವರೂ ಸಮನಾಗಿ ನಿಂತರು. ಮರುದಿನದ ನಿರ್ಣಾಯಕ ಆಟದಲ್ಲಿ ಜೋನ್ಸರು ಒಂದು ಹೊಡೆತದಿಂದ ಸೋತರು. ಆ ದಂಡವಿಲ್ಲದಿದ್ದರೆ ಸ್ಪರ್ಧೆ ಹಿಂದಿನ ದಿನವೇ ಅವರದಾಗಿರುತ್ತಿತ್ತು. ಅಮೆರಿಕದ ಗಾಲ್ಫ್ ಸಂಸ್ಥೆಯು ಸಜ್ಜನಿಕೆಯ ಆಟಕ್ಕಾಗಿ ಕೊಡುವ ಗೌರವಕ್ಕೆ 1955ರಿಂದ ಇವರ ಹೆಸರನ್ನೇ ಇಟ್ಟಿದೆ. ಕೋಪದಿಂದ ಬಿಟ್ಟುಹೋಗಿದ್ದ ಸೇಂಟ್ ಆಂಡ್ರೂಸ್ ಊರೇ 1958ರಲ್ಲಿ ಇವರಿಗೆ ತನ್ನ ಗೌರವ ಪೌರತ್ವವನ್ನು ಕೊಟ್ಟಿತು.

ಹವ್ಯಾಸಿಗೆ ಪದಕವೂ ಇಲ್ಲ, ವೇತನವೂ ಇಲ್ಲ. ಅವನಿಗೆ ದೊರೆಯತಕ್ಕುದು ಸ್ವಲ್ಪ ಆರೋಗ್ಯ, ಸ್ವಲ್ಪ ಸ್ನೇಹ, ತಾನು ನಿನ್ನೆಗಿಂತ ಇಂದು ಸ್ವಲ್ಪ ಮೇಲೆಂಬ ತೃಪ್ತಿ, ಇಷ್ಟೆ. ಲೆಕ್ಕವನ್ನು ತಿದ್ದಿದರೆ ಈ ಕಡೆಯ ತೃಪ್ತಿಯೂ ಕೈಬಿಡುತ್ತದೆ. ನಮ್ಮ ಹಿರಿಯರು ಚಂಚಲವಾದ ಮನಸ್ಸನ್ನು ನಿಲ್ಲಿಸಲು ಅಭ್ಯಾಸ, ವೈರಾಗ್ಯ ಎಂಬ ಎರಡು ಉಪಾಯಗಳನ್ನು ಜೊತೆಯಾಗಿ ಹೇಳಿದ್ದಾರೆ. ಚೆಂಡನ್ನು ಹೊಡೆಯುವ ತನಕ ಅಭ್ಯಾಸ, ಹೊಡೆದ ಮೇಲೆ ವೈರಾಗ್ಯ ಎಂದು ನಮ್ಮ ಶಿಷ್ಯರಿಗೆ ನಾವು ಹೇಳುವುದುಂಟು. ಅವರಲ್ಲೊಬ್ಬರು ಈಗ ಎರಡು ವರ್ಷಗಳಿಂದ ಪುಸ್ತಕವನ್ನು ತಪ್ಪದೆ ಬರೆಯುತ್ತಿದ್ದಾರೆ. 108ರಿಂದ 94ಕ್ಕೆ ಇಳಿದಿದ್ದಾರೆ. ಪೊದೆಯಲ್ಲಿ ಹೊಡೆದುದನ್ನೂ ಅದರಲ್ಲಿ ಬರೆದಿದ್ದಾರೆಂಬುದೇ ನಮಗೆ ಹೆಚ್ಚಿನ ಸಂತೋಷ. ಈ ಆಟವನ್ನು ಆಡುವ ವಾಚಕರು ಮುಂದಿನ ಭಾನುವಾರ ಹೊಸ ಕೋಲಿಗೆ ಬದಲು ಒಂದು ಸೀಸದಕಡ್ಡಿಯನ್ನು ಕೊಂಡುಕೊಂಡು ಹೋಗಿ ನೋಡಲಿ.