ಒಬ್ಬರಿಗೆ ಒಂದು ಲಾಗಿನ್ ಏಕೆ?

ಕಂಪ್ಯೂಟರ್ ಬಳಸುವ ಯಾವುದೇ ಕಚೇರಿಯಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಇರಬೇಕು. ಒಳಗೆ ಬಂದವರು ಯಾರು? ಅವರು ಏನೇನು ಮಾಡಬಹುದು? ಪಾಸ್‌ವರ್ಡ್ ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ. ಎರಡನೆಯದನ್ನು ಸಂಸ್ಥೆಯೇ ಯೋಚಿಸಿ ತೀರ್ಮಾನಿಸಬೇಕು.

ಐವತ್ತು ಕಂಪ್ಯೂಟರ್‌ಗಳಿರುವ ಕಚೇರಿಯಲ್ಲಿ ಪ್ರತಿಯೊಂದರಲ್ಲೂ ಎಲ್ಲರ ಹೆಸರು ಸೇರಿಸುತ್ತಾ ಕೂರಲು ಆಗುವುದಿಲ್ಲ. ಆದ್ದರಿಂದ ಎಲ್ಲರ ಹೆಸರು, ಹುದ್ದೆ, ವಿಭಾಗಗಳ ಒಂದೇ ಪಟ್ಟಿಯನ್ನು ಸರ್ವರ್‌ನಲ್ಲಿ ಇಡುತ್ತಾರೆ. ಇದೇ ಡೈರೆಕ್ಟರಿ. ನಮ್ಮ ಕಾಲೇಜಿನ ಅಡ್ಮಿಷನ್ ರಿಜಿಸ್ಟರ್ ಇದ್ದ ಹಾಗೆ. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 2000 ಜೊತೆಗೆ ತಂದ ಆಕ್ಟಿವ್ ಡೈರೆಕ್ಟರಿ ಇದಕ್ಕೆ ಒಳ್ಳೆಯ ಉದಾಹರಣೆ. ಯಾವ ಕಂಪ್ಯೂಟರ್ ಮುಂದೆ ಕುಳಿತರೂ ಅದು ಸರ್ವರ್ ಅನ್ನು ಕೇಳಿಯೇ ನಮ್ಮನ್ನು ಒಳಗೆ ಬಿಡುತ್ತದೆ.

ಅಧಿಕಾರವನ್ನು ಸಾಮಾನ್ಯವಾಗಿ ಗುಂಪಿಗೆ ಕೊಡುತ್ತಾರೆ. ಕ್ಯಾಷ್ ವಿಭಾಗದವರಿಗೆ ಒಂದು ಗುಂಪು, ಸ್ಟಾಕ್ ನೋಡುವವರಿಗೆ ಇನ್ನೊಂದು. ವಿಭಾಗ ಬದಲಾದವರನ್ನು ಹೊಸ ಗುಂಪಿಗೆ ಸೇರಿಸಿದರೆ ಸಾಲದು, ಹಳೆಯದರಿಂದ ತೆಗೆಯಲೂ ಬೇಕು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು ಎಂಬುದು ನಿಯಮ. ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಮಾಡುತ್ತಾರೆ, ಇನ್ನೊಬ್ಬರು ಪಾಸ್ ಮಾಡುತ್ತಾರೆ. ನಾವು ಕಾಮರ್ಸ್‌ನಲ್ಲಿ ಓದುವ ಇಂಟರ್ನಲ್ ಚೆಕ್ ಇದೇ.

ಕೆಲಸ ಬಿಟ್ಟವರ ಲಾಗಿನ್ ಅನ್ನು ಅದೇ ದಿನ ನಿಲ್ಲಿಸಬೇಕು. ಆದರೆ ತಕ್ಷಣ ಅಳಿಸಿಹಾಕುವುದಿಲ್ಲ. ಆಕ್ಟಿವ್ ಡೈರೆಕ್ಟರಿಯಲ್ಲಿ ಪ್ರತಿ ಲಾಗಿನ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅಳಿಸಿ, ಅದೇ ಹೆಸರಿನಲ್ಲಿ ಹೊಸದು ತೆರೆದರೆ ಸಿಸ್ಟಮ್ ಅದನ್ನು ಬೇರೆಯವರದೆಂದೇ ತಿಳಿಯುತ್ತದೆ. ಹಳೆಯ ಅಧಿಕಾರಗಳು ಅದಕ್ಕೆ ಬರುವುದಿಲ್ಲ.

ಇದೆಲ್ಲ ದೊಡ್ಡ ಕಂಪನಿಗಳ ಮಾತು ಎನಿಸಬಹುದು. ನನಗೆ ಗೊತ್ತಿರುವ ಒಂದು ಅಂಗಡಿಯಲ್ಲಿ ನಾಲ್ಕು ಜನರಿಗೆ ಒಂದೇ ಪಾಸ್‌ವರ್ಡ್ ಇತ್ತು. ಒಂದು ದಿನ ಬಿಲ್ ತಿದ್ದಿದ್ದು ಕಂಡಿತು, ಹಣವೂ ಕಡಿಮೆ ಬಂತು. ಕಂಪ್ಯೂಟರ್‌ನಲ್ಲಿ ಇದ್ದ ಹೆಸರು ‘ಅಡ್ಮಿನ್’ ಒಂದೇ. ಅನುಮಾನ ಹೊಸದಾಗಿ ಸೇರಿದ ಹುಡುಗನ ಮೇಲೆ ಬಿತ್ತು. ತಾನು ಮಾಡಿಲ್ಲ ಎಂದು ತೋರಿಸಲು ಅವನ ಬಳಿ ಏನೂ ಇರಲಿಲ್ಲ. ಅವನು ಕೆಲಸ ಬಿಟ್ಟ.

ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕೆಂಬ ನಿಯಮ 1 ಏಪ್ರಿಲ್ 2023ರಿಂದ ಜಾರಿಯಲ್ಲಿದೆ. ಎಲ್ಲರೂ ಒಂದೇ ಹೆಸರಿನಲ್ಲಿ ಕೆಲಸ ಮಾಡಿದರೆ ಆ ದಾಖಲೆಯಿಂದ ತಿದ್ದಿದವರು ಯಾರೆಂದು ತಿಳಿಯುವುದಿಲ್ಲ. ಟ್ಯಾಲಿಯಲ್ಲೂ ಒಬ್ಬೊಬ್ಬರಿಗೆ ಬೇರೆ ಬೇರೆ ಯೂಸರ್ ಹೆಸರು ಕೊಡಬಹುದು.

ನಮ್ಮಲ್ಲಿ ಹಲವರು ಮುಂದೆ ಲೆಕ್ಕ ಬರೆಯುವ ಕೆಲಸಕ್ಕೆ ಸೇರುತ್ತೇವೆ. ಮೊದಲ ದಿನವೇ ನಮ್ಮ ಹೆಸರಿನ ಲಾಗಿನ್ ಕೇಳಿ ಪಡೆಯೋಣ. ಅದು ಮಾಲೀಕರ ಹಣವನ್ನು ಕಾಯುತ್ತದೆ, ನಮ್ಮ ಹೆಸರನ್ನೂ ಕಾಯುತ್ತದೆ.