ಆಟದ ನಿಯಮ ಯಾರ ಸ್ವತ್ತು?

ಇಸ್ಪೀಟೆಲೆಯ ಆಟಗಳಿಗೆ ಒಡೆಯರಿಲ್ಲ. ರಮ್ಮಿಯನ್ನಾಗಲಿ ಇಪ್ಪತ್ತೆಂಟನ್ನಾಗಲಿ ಕಲಿಯಲು ಯಾರೂ ಯಾರ ಅಪ್ಪಣೆಯನ್ನೂ ಪಡೆದಿಲ್ಲ. ಒಂದು ಕಟ್ಟು ಎಲೆ ಕೊಂಡರಾಯಿತು, ನಿಯಮಗಳು ಬಾಯಿಂದ ಬಾಯಿಗೆ ತಾವಾಗಿ ಬರುತ್ತವೆ. ಅದೇ ಆಟ ಗಣಕಯಂತ್ರದ ಪರದೆ ಏರಿದೊಡನೆ ಸ್ಥಿತಿ ಬದಲಾಗುತ್ತದೆ. ಅಲ್ಲಿ ನಿಯಮಗಳು ಒಂದು ತಂತ್ರಾಂಶದೊಳಗೆ ಸೇರಿಕೊಳ್ಳುತ್ತವೆ, ತಂತ್ರಾಂಶಕ್ಕೆ ಒಡೆಯನಿರುತ್ತಾನೆ, ಒಡೆಯ ಬಾಗಿಲು ಹಾಕಿದರೆ ಆಟವೂ ಮುಚ್ಚಿಹೋಗುತ್ತದೆ. ಹಳೆಯ ಗಣಕ ಆಟಗಳನ್ನೂ ಎಲೆಯಾಟಗಳನ್ನೂ ಸ್ವತಂತ್ರ ತಂತ್ರಾಂಶವಾಗಿ ಹೊಸದಾಗಿ ಬರೆಯುವ ಕೆಲಸವನ್ನು ಹಲವು ದೇಶಗಳ ಸ್ವಯಂಸೇವಕರು ಮೂರು ದಶಕಗಳಿಂದ ನಡೆಸಿಕೊಂಡು ಬಂದಿದ್ದಾರೆ. ಇದನ್ನು ಬಿಡುವಿನ ವೇಳೆಯ ಹುಡುಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಸಾರ್ವಜನಿಕ ಸ್ವತ್ತಿನ ರಕ್ಷಣೆಯ ಪ್ರಶ್ನೆಯೇ ಇದರಲ್ಲಿ ಅಡಗಿದೆ.

ಎಲ್ಲರೂ ಬಲ್ಲ ಉದಾಹರಣೆಯೊಂದನ್ನು ನೋಡೋಣ. 1990ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಂಡೋಸ್ 3.0ರ ಜೊತೆ ಸಾಲಿಟೇರ್ ಎಂಬ ಒಂಟಿಯಾಟ ಬಂತು. ಅದನ್ನು ಬರೆದವರು ಆ ಸಂಸ್ಥೆಯಲ್ಲಿ ತರಬೇತಿಯಲ್ಲಿದ್ದ ವೆಸ್ ಚೆರ್ರಿ. ಎಲೆಗಳ ಚಿತ್ರ ಬಿಡಿಸಿದವರು ಸೂಸನ್ ಕೇರ್. ಚೆರ್ರಿಯವರಿಗೆ ಗೌರವಧನವೇನೂ ಸಿಗಲಿಲ್ಲ. ನಮ್ಮ ಕಚೇರಿಗಳಲ್ಲಿ ಎಷ್ಟೋ ಮಂದಿ ಮೌಸ್ ಹಿಡಿಯಲು ಕಲಿತದ್ದು ಈ ಆಟದಿಂದಲೇ. ಆಟ ಮಾತ್ರ ಯಾವ ಸಂಸ್ಥೆಯ ಆವಿಷ್ಕಾರವೂ ಅಲ್ಲ. ಕ್ಲಾಂಡೈಕ್ ಎಂಬ ಹೆಸರಿನಲ್ಲಿ ಅದು ಗಣಕಯಂತ್ರ ಹುಟ್ಟುವ ಮೊದಲೇ ಪ್ರಚಾರದಲ್ಲಿತ್ತು. 2012ರ ವಿಂಡೋಸ್ 8ರಲ್ಲಿ ಈ ಆಟ ಯಂತ್ರದೊಂದಿಗೆ ಬರುವುದು ನಿಂತಿತು. 2015ರ ವಿಂಡೋಸ್ 10ರಲ್ಲಿ ಮರಳಿ ಬಂದಾಗ ನಡುನಡುವೆ ಜಾಹೀರಾತುಗಳಿದ್ದವು. ಅವು ಬೇಡವೆನ್ನುವವರು ತಿಂಗಳಿಗೆ ಸುಮಾರು ಒಂದೂವರೆ ಡಾಲರ್ ಚಂದಾ ತೆರಬೇಕಾಯಿತು. ಯಾರದೂ ಅಲ್ಲದ ಆಟಕ್ಕೆ ಹೀಗೆ ಬಾಡಿಗೆ ಬಂತು.

ಕಂದಾಯ ಇಲಾಖೆಯ ಕಡತಗಳನ್ನು ಕಂಡವರಿಗೆ ಇದು ಅಪರಿಚಿತ ಸಂಗತಿಯಲ್ಲ. ಊರಿನ ಗೋಮಾಳಕ್ಕೆ ಬೇಲಿ ಬೀಳುವುದೂ ಹೀಗೆಯೇ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಗೋಮಾಳದಲ್ಲಿ ದನಕರು ಹೆಚ್ಚಾದರೆ ಹುಲ್ಲು ಬರಿದಾಗುತ್ತದೆ. ಆಟ ಹಾಗಲ್ಲ, ಒಬ್ಬರು ಆಡಿದರೆ ಇನ್ನೊಬ್ಬರ ಪಾಲು ಕಡಿಮೆಯಾಗುವುದಿಲ್ಲ, ಆಡುವವರು ಹೆಚ್ಚಿದಷ್ಟೂ ಅದರ ಆಯುಷ್ಯ ಹೆಚ್ಚುತ್ತದೆ. ಇಂಥ ಸರಕಿಗೆ ಅತಿಬಳಕೆಯ ಭಯವಿಲ್ಲ. ಅದಕ್ಕಿರುವ ಅಪಾಯಗಳು ಎರಡೇ: ಬೇಲಿ ಮತ್ತು ಮರೆವು.

ಈ ಎರಡಕ್ಕೂ ಉತ್ತರವಾಗಿ ನಿಂತಿರುವುದು ಸ್ವತಂತ್ರ ತಂತ್ರಾಂಶ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ಈ ಚಳವಳಿಯ ತಿರುಳು ಬೆಲೆಯಲ್ಲಿಲ್ಲ, ಹಕ್ಕಿನಲ್ಲಿದೆ. ತಂತ್ರಾಂಶವನ್ನು ಬಳಸುವ, ಅದರ ಆಕರ ಸಂಕೇತವನ್ನು ಓದಿ ತಿಳಿಯುವ, ಹಂಚುವ ಮತ್ತು ತಿದ್ದುವ ನಾಲ್ಕು ಸ್ವಾತಂತ್ರ್ಯಗಳು ಬಳಕೆದಾರನಿಗೆ ಇರಬೇಕು. ಜಿಪಿಎಲ್ ಎಂಬ ಪರವಾನಗಿ ಇನ್ನೂ ಒಂದು ಷರತ್ತನ್ನು ಸೇರಿಸುತ್ತದೆ: ತಿದ್ದಿ ಹಂಚುವವನು ತನಗೆ ದೊರೆತ ಹಕ್ಕುಗಳನ್ನೇ ಮುಂದಿನವನಿಗೂ ಕೊಡಬೇಕು. ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಕ್ಕಿ ಜಾಹೀರಾತಿನಿಂದ ಹಣ ಮಾಡುವ ಆಟಗಳನ್ನು ಇದರೊಡನೆ ಬೆರೆಸಬಾರದು. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ.

1998ರಲ್ಲಿ ಮಾರ್ಕುಸ್ ಓಬರ್‌ಹ್ಯೂಮರ್ ಪೈಸಾಲ್ ಎಂಬ ಒಂಟಿಯಾಟಗಳ ಸಂಗ್ರಹವನ್ನು ಜಿಪಿಎಲ್ ಅಡಿಯಲ್ಲಿ ಬಿಡುಗಡೆ ಮಾಡಿದರು. ಅವರು ಕೆಲಸ ನಿಲ್ಲಿಸಿದ ಮೇಲೆ ಬೇರೆಯವರು ಅದನ್ನು ಎತ್ತಿಕೊಂಡು ಪೈಸಾಲ್‌ಎಫ್‌ಸಿ ಎಂಬ ಹೆಸರಿನಲ್ಲಿ ಬೆಳೆಸಿದರು. ಇಂದು ಅದರಲ್ಲಿ ಸಾವಿರಕ್ಕೂ ಹೆಚ್ಚು ಆಟಗಳಿವೆ. ಆಕರ ಸಂಕೇತ ಬೀರುವಿನಲ್ಲಿ ಉಳಿದಿದ್ದರೆ ಈ ವಾರಸುದಾರಿಕೆ ಸಾಧ್ಯವಾಗುತ್ತಿರಲಿಲ್ಲ. ಫ್ರೀಸೆಲ್ ಆಟದ ಕಥೆ ಇನ್ನೂ ಸ್ವಾರಸ್ಯಕರ. ವಿಂಡೋಸ್‌ನ ಫ್ರೀಸೆಲ್‌ನಲ್ಲಿ ಮೊದಲು 32,000 ಹಂಚಿಕೆಗಳಿದ್ದವು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಆಸಕ್ತರು ಸೇರಿ ಅವೆಲ್ಲವನ್ನೂ ಆಡಿ, 11982ನೆಯದನ್ನು ಬಿಟ್ಟು ಉಳಿದೆಲ್ಲವನ್ನೂ ಗೆಲ್ಲಬಹುದೆಂದು ಕಂಡುಕೊಂಡರು. ಪೈಸಾಲ್‌ಎಫ್‌ಸಿಯಂಥ ಸ್ವತಂತ್ರ ತಂತ್ರಾಂಶಗಳು ಅದೇ ಸಂಖ್ಯೆಗೆ ಅದೇ ಎಲೆಗಳು ಬರುವಂತೆ ಲೆಕ್ಕವನ್ನು ಉಳಿಸಿಕೊಂಡಿವೆ. ಆಟವಷ್ಟೇ ಅಲ್ಲ, ಆಡಿದವರು ಕೂಡಿಟ್ಟ ಅರಿವೂ ಹೀಗೆ ಉಳಿಯಿತು.

ದೊಡ್ಡ ಆಟಗಳಲ್ಲಿ ಶ್ರಮವೂ ದೊಡ್ಡದು. 1991ರ ಸಿವಿಲೈಸೇಶನ್‌ನಿಂದ ಪ್ರೇರಿತರಾಗಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1995ರಲ್ಲಿ ಫ್ರೀಸಿವ್ ಎಂಬ ಆಟವನ್ನು ಆರಂಭಿಸಿದರು. ಕ್ರಿಸ್ ಸಾಯರ್ ಅವರ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ (1995) ಆಟವನ್ನು ಲುಡ್ವಿಗ್ ಸ್ಟ್ರಿಗೆಯುಸ್ ಸಿ ಭಾಷೆಯಲ್ಲಿ ಮರಳಿ ರೂಪಿಸಿ 2004ರಲ್ಲಿ ಓಪನ್‌ಟಿಟಿಡಿ ಎಂದು ಹೊರತಂದರು. ಅದನ್ನು ಆಡಲು ಮೊದಲಿಗೆ ಮೂಲ ಆಟದ ಚಿತ್ರಗಳು ಬೇಕಿದ್ದವು. ಸ್ವಯಂಸೇವಕರು ರೈಲು, ಬಸ್ಸು, ಕಟ್ಟಡಗಳ ಚಿತ್ರಗಳನ್ನೂ ಶಬ್ದಗಳನ್ನೂ ಹೊಸದಾಗಿ ರಚಿಸಿದ ಬಳಿಕ, 2010ರ ಹೊತ್ತಿಗೆ ಆ ಅವಲಂಬನೆಯೂ ತಪ್ಪಿತು. ಒಡೆಯರೇ ಉದಾರರಾದ ನಿದರ್ಶನವೂ ಇದೆ. 1993ರ ಡೂಮ್ ಆಟದ ಆಕರ ಸಂಕೇತವನ್ನು ಅದರ ತಯಾರಕರು 1997ರಲ್ಲಿ ಪ್ರಕಟಿಸಿ, 1999ರಲ್ಲಿ ಜಿಪಿಎಲ್‌ಗೆ ಒಳಪಡಿಸಿದರು.

ಇದು ಕಳವಲ್ಲವೇ ಎಂಬ ಪ್ರಶ್ನೆ ಸಹಜ. ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ. ಆಲೋಚನೆಗೆ ಕೃತಿಸ್ವಾಮ್ಯವಿಲ್ಲ, ಅಭಿವ್ಯಕ್ತಿಗೆ ಮಾತ್ರ ಉಂಟು ಎಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ತಂತ್ರಾಂಶದ ಹಿಂದಿರುವ ತತ್ವಗಳನ್ನು ತಿಳಿಯಲು ಅದರ ಕಾರ್ಯವೈಖರಿಯನ್ನು ಗಮನಿಸಿ ಅಭ್ಯಸಿಸುವುದು ಉಲ್ಲಂಘನೆಯಲ್ಲವೆಂದು ಕೃತಿಸ್ವಾಮ್ಯ ಕಾಯಿದೆಯ 1999ರ ತಿದ್ದುಪಡಿ ಹೇಳುತ್ತದೆ. ಆದರೆ ಈ ಗೆರೆಗೆ ಇನ್ನೊಂದು ಬದಿಯೂ ಇದೆ. 2012ರಲ್ಲಿ ಅಮೆರಿಕದ ನ್ಯೂಜೆರ್ಸಿಯ ನ್ಯಾಯಾಲಯವೊಂದು ಟೆಟ್ರಿಸ್ ಪ್ರಕರಣದಲ್ಲಿ, ನಿಯಮಗಳು ಎಲ್ಲರವಾದರೂ ತುಂಡುಗಳ ರೂಪ, ಅಂಕಣದ ಅಳತೆ ಮುಂತಾದವನ್ನು ಯಥಾವತ್ತಾಗಿ ಎತ್ತಿಕೊಂಡದ್ದು ಉಲ್ಲಂಘನೆಯೆಂದು ತೀರ್ಪಿತ್ತಿತು. ಆದ್ದರಿಂದ ಮರುಸೃಷ್ಟಿಕಾರನಿಗೆ ಸಂಯಮ ಬೇಕು. ನಿಯಮವನ್ನು ತೆಗೆದುಕೊಂಡು, ಚಿತ್ರ, ಸಂಗೀತ, ಹೆಸರುಗಳನ್ನು ತಾನೇ ರಚಿಸಿಕೊಳ್ಳುವುದೇ ನ್ಯಾಯವಾದ ದಾರಿ.

ಸೃಷ್ಟಿಕರ್ತನ ದುಡಿಮೆಗೆ ಪ್ರತಿಫಲ ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಪ್ರತಿಫಲದ ಅವಧಿ ಮಾತ್ರ ಸರಕಿನ ಆಯುಷ್ಯಕ್ಕೆ ಹೊಂದುವಂತಿಲ್ಲ. ಭಾರತದಲ್ಲಿ ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷ. ಅಮೆರಿಕದಲ್ಲಿ ಸಂಸ್ಥೆಯೊಂದರ ಕೃತಿಗೆ ಪ್ರಕಟಣೆಯಿಂದ 95 ವರ್ಷ. 1990ರ ಆಟವೊಂದು ಅಲ್ಲಿ ಸಾರ್ವಜನಿಕ ಸ್ವತ್ತಾಗುವುದು 2085 ಮುಗಿದ ಮೇಲೆ. ಅದನ್ನು ನಡೆಸಬಲ್ಲ ಯಂತ್ರಗಳು ಅದಕ್ಕೆಷ್ಟೋ ಮೊದಲೇ ಗುಜರಿ ಸೇರಿರುತ್ತವೆ. ಅಮೆರಿಕದಲ್ಲಿ ಬಿಡುಗಡೆಯಾದ 2010ಕ್ಕೂ ಹಿಂದಿನ ಆಟಗಳಲ್ಲಿ ಶೇ 87ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಮಾರುವವನೇ ಇಲ್ಲದ ಕಡೆ ಮಾರುಕಟ್ಟೆ ಯಾರ ಹಿತವನ್ನೂ ಕಾಯುವುದಿಲ್ಲ.

ಕನ್ನಡಿಗರಿಗೂ ಇದರಲ್ಲಿ ಪಾಲಿದೆ. ಲಿನಕ್ಸ್ ಗಣಕಗಳಲ್ಲಿ ಬಳಸುವ ಗ್ನೋಮ್ ಪರಿಸರವನ್ನೂ ಅದರ ಆಟಗಳನ್ನೂ ಕನ್ನಡಕ್ಕೆ ತರಲು ಯಾವ ಸಂಸ್ಥೆಯ ಅಪ್ಪಣೆಯೂ ಬೇಕಾಗಲಿಲ್ಲ. ಲಾಭದ ಲೆಕ್ಕ ಹಾಕುವವರು ಕನ್ನಡದಲ್ಲಿ ಎಲೆಯಾಟ ಒದಗಿಸಲು ಕಾಯುತ್ತ ಕುಳಿತಿರುವುದಿಲ್ಲ. ನಮಗೊಂದು ಹಳೆಯ ಮೇಲ್ಪಂಕ್ತಿಯೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಗಂಜೀಫಾ ಎಲೆಯಾಟಗಳನ್ನು ವಿವರವಾಗಿ ದಾಖಲಿಸಿದರು. ಆಸ್ಥಾನ ಹೋಯಿತು, ಆಡುವವರೂ ವಿರಳರಾದರು. ಆದರೂ ದಾಖಲೆ ಉಳಿದ ಕಾರಣ ಇಂದಿನವರು ಆ ಆಟಗಳನ್ನು ಅರಿಯಬಹುದಾಗಿದೆ. ಅಂದು ಗ್ರಂಥ ಮಾಡಿದ ಕೆಲಸವನ್ನು ಇಂದು ಬಹಿರಂಗವಾದ ಆಕರ ಸಂಕೇತ ಮಾಡಬಲ್ಲದು.

ಸ್ವತಂತ್ರ ಹಾಗೂ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಅದರ ಆಶಯವನ್ನು ಆಟಗಳಿಗೂ ವಿಸ್ತರಿಸುವುದು ಕಷ್ಟವಲ್ಲ. ಚೌಕಾಬಾರ, ಅಳಗುಳಿಮಣೆ, ಗಂಜೀಫಾ ಮುಂತಾದವನ್ನು ಸಾರ್ವಜನಿಕ ಹಣದಿಂದ ಗಣಕಕ್ಕೆ ಅಳವಡಿಸುವುದಾದರೆ, ಆಕರ ಸಂಕೇತವನ್ನು ಸ್ವತಂತ್ರ ಪರವಾನಗಿಯಡಿ ಪ್ರಕಟಿಸಬೇಕೆಂಬ ಷರತ್ತು ಗುತ್ತಿಗೆಪತ್ರದಲ್ಲಿರಲಿ. ನಮ್ಮ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅಂತಿಮ ವರ್ಷದ ಯೋಜನಾಕಾರ್ಯವಾಗಿ ಇಂಥ ಆಟವೊಂದನ್ನು ಬರೆಯಲು ಕೊಟ್ಟರೆ ಕಲಿಕೆಯೂ ಆದೀತು, ಆಟವೂ ಉಳಿದೀತು. ಹಾಗೆ ಮಾಡದಿದ್ದರೆ, ನಮ್ಮ ಅಜ್ಜಿಯರು ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡಿಸಿದ ಆಟವನ್ನು ನಮ್ಮ ಮೊಮ್ಮಕ್ಕಳು ತಿಂಗಳ ಚಂದಾ ತೆತ್ತು ಆಡುವ ದಿನ ದೂರವಿಲ್ಲ.